ನೊರೆಯೂ ನಗೆಯೂ: ಕೋಲಾರ ಸೀಮೆಯ ಕೆರೆನೀರಿನ ಹಾಸ್ಯವನ್ನು ಕುರಿತು ಒಂದು ವಿಚಾರ

ನಗೆಯ ಬಣ್ಣ ಬಿಳುಪು ಎಂಬುದು ಕವಿಸಮಯ. ಭರತಮುನಿಯು ರಸಗಳಿಗೆ ವರ್ಣಗಳನ್ನು ಹೇಳುವಾಗ ಹಾಸ್ಯಕ್ಕೆ ಬಿಳುಪನ್ನೂ ಬೀಭತ್ಸಕ್ಕೆ ನೀಲವನ್ನೂ ವಿಧಿಸಿರುವನು. ನೊರೆಯೂ ಬಿಳುಪಾದುದರಿಂದ ನದಿಯ ನೊರೆಯನ್ನು ಅವಳ ನಗೆಯೆಂದು ಉತ್ಪ್ರೇಕ್ಷಿಸುವುದು ಸಂಸ್ಕೃತ ಕವಿಗಳಿಗೆ ರೂಢಿಯಾಗಿ ಬಂದಿತು. ಮೇಘದೂತದಲ್ಲಿ ಗಂಗೆಯು ಗೌರಿಯ ಹುಬ್ಬುಗಂಟನ್ನು ನೋಡಿ ನೊರೆಯಿಂದ ನಕ್ಕು ಶಿವನ ಜಡೆಯನ್ನು ಹಿಡಿದಳೆಂಬ ಕಲ್ಪನೆಯು ಸಹೃದಯರೆಲ್ಲರಿಗೂ ಪರಿಚಿತವಾದುದೇ ಆಗಿದೆ. ಆ ನೊರೆ ಹಿಮಾಲಯದಿಂದ ಇಳಿದ ನೀರಿನ ನೊರೆ. ಅದನ್ನು ನಗೆಯೆಂದರೆ ಮನಸ್ಸು ಒಡನೆಯೇ ಒಪ್ಪುವುದು.

೨೦೧೮ನೆಯ ಇಸವಿಯಲ್ಲಿ ಕೋಲಾರದ ಸೀಮೆಯ ಜನರು ಮತ್ತೊಂದು ನೊರೆಯನ್ನು ಕಂಡರು. ಅದರ ಸುತ್ತಲೂ ನಗೆ ಹುಟ್ಟಿತು. ಆ ನಗೆಯು ಎಂತಹುದು, ಅದರಲ್ಲಿ ಯಾವುದು ಉತ್ತಮ, ಯಾವುದು ಅಧಮ, ಅದು ಯಾರ ಮೇಲೆ ಬೀಳುತ್ತದೆ, ಯಾರ ಮೇಲೆ ಬೀಳಬೇಕು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಹರಟೆಯ ಮಾತುಗಳನ್ನು ರಸಮೀಮಾಂಸೆಯ ತಕ್ಕಡಿಯಲ್ಲಿ ತೂಗುವುದು ಅತಿಶಯವೆಂದು ಕೆಲವರಿಗೆ ತೋರಬಹುದು. ಆದರೆ ಗಾದೆ, ಒಗಟು, ಲಾವಣಿಗಳನ್ನು ಸಂಗ್ರಹಿಸಿ ವಿಮರ್ಶಿಸುವುದು ವಿದ್ವತ್ಕಾರ್ಯವೆಂದು ನಾವು ಒಪ್ಪಿರುವಾಗ, ಕೆರೆಯ ಏರಿಯ ಮೇಲೆ ಆಡಿದ ನಗೆಮಾತನ್ನು ಮಾತ್ರ ಹೊರಗಿಡುವುದಕ್ಕೆ ಕಾರಣವಿಲ್ಲ.

ಮೊದಲು ವಸ್ತುಸ್ಥಿತಿಯನ್ನು ಸಂಗ್ರಹವಾಗಿ ಹೇಳಬೇಕು. ಬೆಂಗಳೂರು ಒಂದು ಎತ್ತರದ ದಿಬ್ಬದ ಮೇಲಿರುವ ನಗರ. ಅಲ್ಲಿಂದ ಇಳಿದುಹೋಗುವ ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿಯುವುದು: ವೃಷಭಾವತಿ, ಹೆಬ್ಬಾಳ, ಮತ್ತು ಕೋರಮಂಗಲ–ಚಲ್ಲಘಟ್ಟ. ಈ ಮೂರನೆಯ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹೊಕ್ಕು, ದಕ್ಷಿಣಪಿನಾಕಿನಿಯನ್ನು ಸೇರಿ, ತಮಿಳುನಾಡನ್ನು ಹಾದು ಕಡಲೂರಿನ ಸಮೀಪದಲ್ಲಿ ಸಮುದ್ರಕ್ಕೆ ಬೀಳುತ್ತದೆ. ನಗರವು ಬೆಳೆದಂತೆ ಮಳೆಯ ನೀರಿನ ಹಾದಿಯೇ ಕೊಚ್ಚೆಯ ಹಾದಿಯಾಯಿತು. ಬೆಳ್ಳಂದೂರು ಕೆರೆಯಲ್ಲಿ ನೊರೆಯು ಆಳೆತ್ತರಕ್ಕೆ ಎದ್ದು ರಸ್ತೆಗೆ ಹಾರಿತು. ೨೦೧೫ರ ಮೇ ತಿಂಗಳಿನಲ್ಲಿಯೂ ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು.

ಇತ್ತ ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಒಂದೂ ಇಲ್ಲ. ಪೂರ್ವಿಕರು ಮಳೆಯ ನೀರನ್ನು ಕೆರೆಯಿಂದ ಕೆರೆಗೆ ಕೋಡಿ ಹರಿಯುವಂತೆ ಸರಪಳಿಯಾಗಿ ಕಟ್ಟಿ ಊರುಗಳನ್ನು ಬದುಕಿಸಿದರು. ಈ ಕಾಲದಲ್ಲಿ ಆ ಕೆರೆಗಳು ಹೂಳು ತುಂಬಿ ಒಣಗಿದುವು. ಕೊಳವೆಬಾವಿಗಳು ಸಾವಿರ ಅಡಿಗಳಿಂದ ಕೆಳಕ್ಕೆ ಇಳಿದುವು. ಮೇಲೆ ಬಂದ ನೀರಿನಲ್ಲಿಯೂ ಹಲವು ಕಡೆ ಫ್ಲೋರೈಡಿನ ದೋಷವಿತ್ತು. ಇಂತಹ ಸ್ಥಿತಿಯಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ ೪೪ ಕೋಟಿ ಲೀಟರಿನಂತೆ ಕೊಳವೆಗಳಲ್ಲಿ ಪೂರ್ವಕ್ಕೆ ತಳ್ಳಿ, ೧೨೬ ಕೆರೆಗಳನ್ನು ತುಂಬಿಸುವ ಯೋಜನೆ ಏರ್ಪಟ್ಟಿತು. ೨೦೧೮ರ ಜೂನ್ ತಿಂಗಳಿನಲ್ಲಿ ನೀರು ಮೊದಲಿಗೆ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರದ ಕೆರೆಗೆ ಬಂದಿತು. ಜುಲೈ ತಿಂಗಳಿನಲ್ಲಿ ಅದರ ಹಾದಿಯಲ್ಲಿ ಬಿಳಿಯ ನೊರೆ ಕಂಡುಬಂದು, ವ್ಯಾಜ್ಯವು ಉಚ್ಚ ನ್ಯಾಯಾಲಯಕ್ಕೆ ಹೋಗಿ, ನೀರು ನಿಂತಿತು, ಆಮೇಲೆ ಹರಿಯಿತು, ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆಯಿಂದ ಮತ್ತೆ ನಿಂತಿತು, ಅದೇ ವರ್ಷ ಆ ತಡೆಯೂ ತೆರವಾಗಿ ಪುನಃ ಹರಿಯಿತು.

ನೊರೆಯ ಕಾರಣವೂ ತಿಳಿದುದೇ. ಮೊದಲನೆಯ ಹಂತದ ಶುದ್ಧಿಯಲ್ಲಿ ಗಸಿಯು ತಳಕ್ಕೆ ಇಳಿಯುವುದು. ಎರಡನೆಯ ಹಂತದಲ್ಲಿ ನೀರಿಗೆ ಗಾಳಿಯೂಡಿದಾಗ ಸೂಕ್ಷ್ಮಜೀವಿಗಳು ಅದರೊಳಗಿನ ಕೊಳೆಯನ್ನು ತಿಂದುಹಾಕುವುವು. ರಂಜಕ, ಸಾರಜನಕ ಮುಂತಾದುವನ್ನು ತೆಗೆಯಬೇಕಾದುದು ಮೂರನೆಯ ಹಂತ. ಅದಿಲ್ಲದೆ ಹೋದಲ್ಲಿ, ಬಟ್ಟೆ ಒಗೆಯುವ ಪುಡಿಗಳ ಅಂಶವು ನೀರಿನಲ್ಲಿ ಉಳಿದು, ನೀರು ಎತ್ತರದಿಂದ ಬಿದ್ದು ಕಲಕಿದಾಗ ನೊರೆಯಾಗಿ ಏಳುವುದು. ಗಂಗೆಯ ನೊರೆಗೂ ಈ ನೊರೆಗೂ ಬಣ್ಣ ಒಂದೇ, ಹುಟ್ಟು ಬೇರೆ. ಮೇಲುಗಡೆ ಬಿಳುಪು, ಕೆಳಗಡೆ ಕಪ್ಪು ನೀಲಿಯ ನೀರು. ಭರತನು ಹೇಳಿದ ಎರಡು ರಸಗಳ ಎರಡು ವರ್ಣಗಳೂ ಒಂದೇ ಕೆರೆಯಲ್ಲಿ ಒಂದರ ಮೇಲೊಂದು ತೋರಿದುವು.

ಈಗ ಶಾಸ್ತ್ರವು ಏನು ಹೇಳುತ್ತದೆಂದು ನೋಡೋಣ. ಬೀಭತ್ಸಕ್ಕೆ ಜುಗುಪ್ಸೆಯು ಸ್ಥಾಯಿಭಾವ. ರಕ್ತ ಮೊದಲಾದುವುಗಳಿಂದ ಹುಟ್ಟುವುದು ಕ್ಷೋಭಜ. ಮಲ, ಕ್ರಿಮಿ ಮೊದಲಾದುವುಗಳಿಂದ ಹುಟ್ಟುವುದು ಉದ್ವೇಗಿ. ನಮ್ಮ ಮಹಾಕವಿಗಳು ವಿಶೇಷವಾಗಿ ಮೊದಲನೆಯದನ್ನೇ ಬಳಸಿದರು. ರನ್ನನ ಗದಾಯುದ್ಧದ ರಣಾಂಗಣದಲ್ಲಿಯೂ ರಾಘವಾಂಕನ ಹರಿಶ್ಚಂದ್ರಕಾವ್ಯದ ಶ್ಮಶಾನದಲ್ಲಿಯೂ ಬೀಭತ್ಸವು ಪ್ರೌಢವಾಗಿ ಬಂದಿದೆ. ಆದರೆ ಉದ್ವೇಗಿಯಾದ ಬೀಭತ್ಸಕ್ಕೆ ಪ್ರೌಢಕಾವ್ಯದಲ್ಲಿ ಎಡೆಯು ಬಹು ಕಡಮೆ. ಅಷ್ಟಾದಶವರ್ಣನೆಗಳಲ್ಲಿ ಪುರವರ್ಣನೆಯುಂಟು, ಜಲಕ್ರೀಡೆಯುಂಟು, ಸಮುದ್ರವರ್ಣನೆಯುಂಟು. ಪುರದಿಂದ ಹೊರಟ ಬಚ್ಚಲ ನೀರು ಎಲ್ಲಿಗೆ ಹೋಯಿತೆಂಬ ವರ್ಣನೆಯಿಲ್ಲ. ಕೋಟೆ, ಕೊತ್ತಲ, ಉಪ್ಪರಿಗೆ, ತೋಟಗಳನ್ನು ನೂರು ಪದ್ಯಗಳಲ್ಲಿ ಬಣ್ಣಿಸುವ ಕವಿಗಳಿಗೆ ಮೋರಿಯು ವರ್ಣ್ಯವಸ್ತುವಾಗಿ ಒದಗಲಿಲ್ಲ. ಇದು ಅವರ ದೋಷವಲ್ಲ. ಔಚಿತ್ಯದ ಮೇರೆಯನ್ನು ಅವರು ಹಾಗೆ ಗೆರೆಯೆಳೆದುಕೊಂಡಿದ್ದರು. ಅಶ್ಲೀಲದೋಷವನ್ನು ಮಮ್ಮಟಾದಿಗಳು ವ್ರೀಡೆ, ಜುಗುಪ್ಸೆ, ಅಮಂಗಳಗಳೆಂದು ಮೂರಾಗಿ ವಿಂಗಡಿಸಿದರು. ಕೊಚ್ಚೆಯ ಮಾತು ಎರಡನೆಯದಕ್ಕೆ ಸೇರಿತು.

ಆದರೆ ಅದೇ ಆಲಂಕಾರಿಕರು ಇದನ್ನು ಅನಿತ್ಯದೋಷವೆಂದೂ, ಸಂದರ್ಭವಿಶೇಷದಲ್ಲಿ ಗುಣವೂ ಆಗುವುದೆಂದೂ ಒಪ್ಪಿರುವರು. ಇನ್ನೊಂದು ಮುಖ್ಯವಾದ ಮಾತುಂಟು. ರಸಗಳ ಪರಸ್ಪರ ವಿರೋಧವನ್ನು ಹೇಳುವಾಗ ವಿಶ್ವನಾಥನು ಹಾಸ್ಯಕ್ಕೆ ಭಯಾನಕವನ್ನೂ ಕರುಣವನ್ನೂ ವಿರೋಧಿಗಳೆಂದಿರುವನು. ಬೀಭತ್ಸವನ್ನು ಅಲ್ಲಿ ಹೇಳಿಲ್ಲ. ಅಂದರೆ ಹೇಸಿಗೆಯೂ ನಗೆಯೂ ಒಂದೇ ಮನೆಯಲ್ಲಿ ವಾಸಮಾಡಬಲ್ಲುವು. ಹೆದರಿಕೆಯೂ ಮರುಕವೂ ಒಳಹೊಕ್ಕ ಕ್ಷಣವೇ ನಗೆಯು ಎದ್ದು ಹೋಗಬೇಕು. ಕೋಲಾರದ ಕೆರೆನೀರಿನ ಹಾಸ್ಯವನ್ನು ಬೆಲೆಕಟ್ಟುವುದಕ್ಕೆ ಈ ಸೂತ್ರಕ್ಕಿಂತ ಉತ್ತಮವಾದ ಒರೆಗಲ್ಲು ನಮಗೆ ದೊರೆಯಲಾರದು.

ಆ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕಣ್ಣಿನ ಹಾಸ್ಯ. ಬೆಳ್ಳಂದೂರಿನ ನೊರೆಯನ್ನು ನೋಡಿದವರು ಬೆಂಗಳೂರಿನಲ್ಲಿ ಹಿಮ ಬಿದ್ದಿತೆಂದು ನಕ್ಕರು. ಕಾಶ್ಮೀರಕ್ಕೆ ಹೋಗುವ ವೆಚ್ಚ ಉಳಿಯಿತೆಂದರು. ನೊರೆಯ ಮುಂದೆ ನಿಂತು ಭಾವಚಿತ್ರಗಳನ್ನು ತೆಗೆಯಿಸಿಕೊಂಡರು. ನೀರೇ ಉರಿಯುವುದನ್ನು ಕಂಡಾಗ ಓದಿದವರಿಗೆ ಸಮುದ್ರದೊಳಗಣ ವಡವಾಗ್ನಿಯು ನೆನಪಾದುದೂ ಸಹಜವೇ. ಕೋಲಾರದ ಕಡೆಗೆ ನೊರೆ ಬಂದಾಗ ಇದೇ ಜಾಡು ಮುಂದುವರಿಯಿತು: ಹಾಲು, ಅರಳೆ, ಮೋಡ, ಸಾಬೂನು. ಅಲ್ಲಿ ಹರಿಯುವ ಪಾಲಾರಿಗೆ ಸಂಸ್ಕೃತದಲ್ಲಿ ಕ್ಷೀರನದಿಯೆಂದು ಹೆಸರು. ಹಾಲಿನ ಹೊಳೆಯ ಸೀಮೆಗೆ ಕಡೆಗೂ ನೊರೆಹಾಲು ಬಂದಿತೆಂಬ ಶ್ಲೇಷಕ್ಕೆ ನೆಲವೇ ಅಣಿಯಾಗಿದ್ದಿತು. ಈ ಬಗೆಯು ಉಪಮೆ, ಉತ್ಪ್ರೇಕ್ಷೆಗಳ ಮಟ್ಟದ್ದು. ಇದರಲ್ಲಿ ಚಮತ್ಕಾರವುಂಟು, ಆದರೆ ನೋಡುವವನು ದೂರದಲ್ಲಿ ನಿಂತಿದ್ದರೆ ಮಾತ್ರ ಇದು ಸಾಗುವುದು. ಆ ನೀರನ್ನು ಹೊಲಕ್ಕೆ ಹಾಯಿಸಬೇಕಾದವನಿಗೆ ಹಿಮದ ಉಪಮೆಯು ಒಂದು ಸಲ ನಗೆ ತರಬಹುದು, ಎರಡನೆಯ ಸಲ ತರಲಾರದು. ಉಪಮಾನವು ಉಪಮೇಯವನ್ನು ಮರೆಸಿಬಿಡುವ ಉಪಮೆಯು ಕಾವ್ಯದಲ್ಲಿ ಹೇಗೆ ದುರ್ಬಲವೋ ಹಾಸ್ಯದಲ್ಲಿಯೂ ಹಾಗೆಯೇ ದುರ್ಬಲ.

ಎರಡನೆಯದು ಶಬ್ದದ ಹಾಸ್ಯ. ಇದು ಈ ಸೀಮೆಯ ವಿಶೇಷ ಸಂಪತ್ತು. ಮುಳಬಾಗಿಲು ಎಂಬುದು ಮೂಡಲಬಾಗಿಲು, ಕನ್ನಡನಾಡಿನ ಪೂರ್ವದ್ವಾರ. ಅಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವುವು. ತೆಲುಗಿನಲ್ಲಿ ನೊರೆಗೆ ನುರುಗು ಎನ್ನುವರು, ಕೊಚ್ಚೆಗೆ ಮುರುಗು ಎನ್ನುವರು. ನುರುಗಿಗೂ ಮುರುಗಿಗೂ ಒಂದೇ ಅಕ್ಷರದ ಅಂತರ. ಎರಡು ನುಡಿಗಳಲ್ಲಿ ಬೆಳೆದ ನಾಲಗೆಗೆ ಈ ಪ್ರಾಸವು ಹುಡುಕದೆಯೇ ಸಿಕ್ಕುವುದು. ಸಿಕ್ಕೊಡನೆ ಅರ್ಥವನ್ನೂ ಹೇಳಿಬಿಡುವುದು, ಒಂದನ್ನು ಕಂಡಲ್ಲಿ ಇನ್ನೊಂದು ಇದ್ದೇ ಇದೆಯೆಂದು. ಶಬ್ದಾಲಂಕಾರವು ಅರ್ಥಕ್ಕೆ ಇಷ್ಟು ಹತ್ತಿರವಾಗಿ ಬರುವುದು ಅಪೂರ್ವ.

ಕಚೇರಿಯ ಭಾಷೆಯು ತಾನು ಬಯಸದೆಯೇ ಇದಕ್ಕೆ ಮತ್ತಷ್ಟು ಸಾಮಗ್ರಿಯನ್ನು ಒದಗಿಸಿತು. ಕೋರಮಂಗಲ–ಚಲ್ಲಘಟ್ಟ ಎಂಬ ಊರುಗಳ ಹೆಸರು ಕೆ.ಸಿ. ವ್ಯಾಲಿ ಎಂದು ಕುಗ್ಗಿತು. ಕುಗ್ಗಿದ ಹೆಸರಿನಲ್ಲಿ ನೀರು ಎಲ್ಲಿಂದ ಬಂದಿತೆಂಬುದು ಅಳಿಸಿಹೋಯಿತು. ಕೊಳೆನೀರೆಂಬ ಮಾತಿನ ಸ್ಥಾನದಲ್ಲಿ ಸಂಸ್ಕರಿಸಿದ ನೀರೆಂಬ ಮಾತು ಬಂದಿತು. ಸಂಸ್ಕಾರವೆಂಬ ಶಬ್ದವು ನಮ್ಮಲ್ಲಿ ಗರ್ಭಾಧಾನದಿಂದ ಅಂತ್ಯೇಷ್ಟಿಯವರೆಗೆ ಮನುಷ್ಯನಿಗೂ, ವ್ಯಾಕರಣದ ಮೂಲಕ ಭಾಷೆಗೂ, ಒಗ್ಗರಣೆಯ ಮೂಲಕ ಅಡುಗೆಗೂ ಸಲ್ಲುವುದು. ಅದನ್ನು ಮೋರಿಯ ನೀರಿಗೆ ಹಚ್ಚಿದೊಡನೆ, ಎಷ್ಟು ಸಂಸ್ಕಾರಗಳಾದುವು, ಇನ್ನೆಷ್ಟು ಉಳಿದುವು ಎಂಬ ಪ್ರಶ್ನೆಯು ಹಳ್ಳಿಯ ಪುರೋಹಿತನ ಬಾಯಿಗೂ ಬರುವುದು. ಎರಡು ಆದುವು, ಮೂರನೆಯದು ಆಗಲಿಲ್ಲ ಎಂಬುದೇ ಅದಕ್ಕೆ ನಿಜವಾದ ಉತ್ತರ. ಇದಕ್ಕೆ ಪ್ರತಿಯಾಗಿ ಚಳವಳಿಯವರೂ ಹರಟೆಯವರೂ ಬೆಂಗಳೂರಿನ ಕಕ್ಕಸಿನ ನೀರೆಂಬ ನಗ್ನವಾದ ಮಾತನ್ನು ಎತ್ತಿಕೊಂಡರು. ಅದು ಅಶ್ಲೀಲವಲ್ಲವೇ ಎಂದರೆ, ಅಶ್ಲೀಲವೇ. ಆದರೆ ಗುಣವಾಗಿ ಪರಿಣಮಿಸಿದ ಅಶ್ಲೀಲ. ಮುಚ್ಚಿಟ್ಟ ಅರ್ಥವನ್ನು ತೆರೆಯುವುದೇ ಅದರ ಕೆಲಸ. ಸಭ್ಯವಾದ ಶಬ್ದವು ಸತ್ಯವನ್ನು ಮರೆಮಾಡಿದಲ್ಲಿ ಅಸಭ್ಯವಾದ ಶಬ್ದಕ್ಕೆ ಔಚಿತ್ಯವು ಒದಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಮೂರನೆಯದು ಪುರಾಣದ ಹಾಸ್ಯ. ಕೋಲಾರದ ಶತಶೃಂಗಪರ್ವತದಲ್ಲಿ ಬಸವನ ಬಾಯಿಂದ ಬೀಳುವ ಊಟೆಗೆ ಅಂತರಗಂಗೆಯೆಂದು ಹೆಸರು. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ಹದಿನೈದನೆಯ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ವ್ಯಾಸರಾಯರ ವಿದ್ಯಾಗುರುಗಳೂ ಹರಿದಾಸಸಾಹಿತ್ಯಕ್ಕೆ ಪಿತಾಮಹರೂ ಎನಿಸಿದ ಆ ಯತಿಗಳು ವೃದ್ಧಾಪ್ಯದಲ್ಲಿ ಕಾಶಿಗೆ ಹೋಗಲಾರದಿರಲು ಗಂಗೆಯೇ ಆ ತೀರ್ಥಕ್ಕೆ ಬಂದಳೆಂದು ಐತಿಹ್ಯವಿದೆ. ನೀರಿಲ್ಲದ ಸೀಮೆಯ ಮನಸ್ಸು ಗಂಗೆಯನ್ನು ತನ್ನ ಬಾಗಿಲಿಗೆ ಕರೆದುಕೊಂಡ ರೀತಿ ಇದು. ಈಗ ಪಡುವಣಿಂದ ಮೂಡಲಬಾಗಿಲಿನ ದಿಕ್ಕಿಗೆ ನೀರು ಬರತೊಡಗಿದಾಗ, ಇವಳು ಯಾವ ಗಂಗೆಯೆಂದು ಕೇಳದಿರುವುದು ಹೇಗೆ? ಭಗೀರಥನ ಸ್ಥಾನದಲ್ಲಿ ಎಂಜಿನಿಯರನು, ಜಹ್ನುವಿನ ಸ್ಥಾನದಲ್ಲಿ ನ್ಯಾಯಾಲಯ, ಜಟಾಜೂಟದ ಸ್ಥಾನದಲ್ಲಿ ಕಬ್ಬಿಣದ ಕೊಳವೆ ಎಂದು ಹೊಂದಿಸುವುದು ಯಾರಿಗಾದರೂ ಸುಲಭ.

ಈ ಬಗೆಯ ಹಾಸ್ಯವು ದೇವತೆಯನ್ನು ಅಪಮಾನಪಡಿಸುವುದೆಂದು ಆಕ್ಷೇಪಿಸುವವರುಂಟು. ಅದು ಸರಿಯಲ್ಲ. ಅಭಿನವಗುಪ್ತನು ಅನೌಚಿತ್ಯವೇ ಹಾಸ್ಯಕ್ಕೆ ಮೂಲವೆಂದೂ, ರಸಾಭಾಸವೆಲ್ಲವೂ ಹಾಸ್ಯದಲ್ಲಿ ಪರ್ಯವಸಾನವಾಗುವುದೆಂದೂ ವಿವರಿಸಿರುವನು. ಇಲ್ಲಿ ನಗೆಯು ಹುಟ್ಟುವುದು ಗಂಗೆಯಿಂದಲ್ಲ, ಗಂಗೆಯಲ್ಲದುದನ್ನು ಗಂಗೆಯೆಂದು ಸ್ವಾಗತಿಸಬೇಕಾಗಿ ಬಂದ ಸಂದರ್ಭದಿಂದ. ಹೊಸ ನೀರಿಗೆ ಬಾಗಿನ ಕೊಡುವ ಪದ್ಧತಿ ನಮ್ಮಲ್ಲಿ ಉಂಟು. ಈ ನೀರಿಗೆ ಅರಿಸಿನ ಕುಂಕುಮಗಳನ್ನು ಅರ್ಪಿಸುವ ಕೈ ಒಂದು ಗಳಿಗೆ ತಡೆದರೆ, ಆ ತಡೆಯುವಿಕೆಯೇ ಹಾಸ್ಯದ ವಿಭಾವ. ತೀರ್ಥಸ್ನಾನವೊಂದರಿಂದಲೇ ಪಾಪ ಹೋಗುವುದೆಂಬ ನಂಬಿಕೆಯನ್ನು ವಚನಕಾರರೂ ಹರಿದಾಸರೂ ಕಟುವಾಗಿ ಹಾಸ್ಯಮಾಡಿರುವರು. ಅವರು ನಕ್ಕದ್ದು ಮೈಯನ್ನು ತೊಳೆದು ಮನಸ್ಸನ್ನು ತೊಳೆಯದವನನ್ನು ನೋಡಿ. ಈಗಿನ ಹಾಸ್ಯವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೊಳೆದುಕೊಂಡವನು ತೊಳೆದ ನೀರನ್ನು ಯಾರ ಬಾಗಿಲಿಗೆ ಚೆಲ್ಲಿದನೆಂದು ಕೇಳುತ್ತದೆ. ಪರಂಪರೆಯು ಇಲ್ಲಿ ಮುರಿದಿಲ್ಲ, ಬೆಳೆದಿದೆ. ಈ ಮೂರನೆಯ ಬಗೆಯನ್ನು ನಾವು ಉತ್ತಮವೆಂದೇ ಎಣಿಸುವೆವು.

ನಾಲ್ಕನೆಯದು ಪ್ರತೀಕಾರದ ಹಾಸ್ಯ. ಕೋಲಾರವು ಟೊಮಾಟೊ ಹಣ್ಣಿಗೂ ತರಕಾರಿಗೂ ಹಾಲಿಗೂ ಹೆಸರಾದ ಜಿಲ್ಲೆ. ಬೆಂಗಳೂರಿನ ಅಡುಗೆಮನೆಗೆ ಅದರಿಂದ ಬರುವ ಸರಕು ಅಷ್ಟಿಷ್ಟಲ್ಲ. ಬೆಂಗಳೂರಿನವರು ಕಳುಹಿಸಿದುದನ್ನು ನಾವು ಹಣ್ಣಾಗಿ ಮಾಡಿ ಅವರಿಗೇ ಹಿಂದಿರುಗಿಸುವೆವು ಎಂಬುದು ಈ ಹಾಸ್ಯದ ತಿರುಳು. ಅಲಂಕಾರಶಾಸ್ತ್ರದಲ್ಲಿ ಇದು ಪರಿವೃತ್ತಿ, ಕೊಟ್ಟು ಕೊಳ್ಳುವಿಕೆ. ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಹೆಸರಾಗಿ ಆರಿಸಿಕೊಂಡ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯು ಇಷ್ಟು ಅಕ್ಷರಶಃ ಸಲ್ಲುವ ಸಂದರ್ಭ ಮತ್ತೊಂದಿರಲಾರದು.

ಚಮತ್ಕಾರದಲ್ಲಿ ಇದು ಎಲ್ಲಕ್ಕಿಂತ ಮಿಗಿಲು. ಆದರೆ ನಮ್ಮ ಸಂಶಯವಿರುವುದು ಇಲ್ಲಿಯೇ. ಈ ಬಾಣವು ಬೆಂಗಳೂರಿನವನನ್ನು ಮುಟ್ಟುವ ಮೊದಲು ಬೆಳೆಗಾರನನ್ನು ಮುಟ್ಟುತ್ತದೆ. ನಗರದವನು ನಕ್ಕು, ಬೇರೊಂದು ಊರಿನ ತರಕಾರಿಯನ್ನು ಕೊಳ್ಳಬಲ್ಲನು. ಮಂಡಿಯಲ್ಲಿ ಬೆಲೆ ಕುಸಿದರೆ ಸಾಲದಲ್ಲಿ ಮುಳುಗುವವನು ರೈತನೇ. ಆ ಹಣ್ಣನ್ನು ಮೊದಲು ತಿನ್ನುವವರೂ ಅವನ ಮಕ್ಕಳೇ. ಆದುದರಿಂದ ಈ ಹಾಸ್ಯವನ್ನು ರೈತನು ಆಡಿದರೆ ಒಂದು ಅರ್ಥ, ನಗರದವನು ಆಡಿದರೆ ಮತ್ತೊಂದು ಅರ್ಥ. ಮೊದಲನೆಯದು ಭರತನು ಹೇಳಿದ ಆತ್ಮಸ್ಥಹಾಸ್ಯ, ತನ್ನನ್ನು ತಾನೇ ನಕ್ಕು ನೋವನ್ನು ಹಗುರಮಾಡಿಕೊಳ್ಳುವುದು. ಎರಡನೆಯದು ಪರಸ್ಥ, ಅದರಲ್ಲಿ ಕರುಣೆಯಿಲ್ಲದಿದ್ದರೆ ಅದು ಅಪಹಸಿತದ ಕೆಳಮಟ್ಟಕ್ಕೆ ಇಳಿಯುವುದು. ಶಬ್ದವೊಂದೇ, ಆಡಿದ ಬಾಯಿ ಬೇರೆ. ಮೌಲ್ಯವು ಬಾಯಿಯನ್ನು ಅನುಸರಿಸಿ ಬದಲಾಗುತ್ತದೆ. ಬರೆದಿಟ್ಟ ಕಾವ್ಯವನ್ನು ವಿಮರ್ಶಿಸುವಾಗ ಕವಿ ಯಾರೆಂಬುದನ್ನು ನಾವು ಬದಿಗಿಡಬಹುದು. ಆಡುಮಾತಿನ ಹಾಸ್ಯದಲ್ಲಿ ವಕ್ತೃವನ್ನು ಬದಿಗಿಡುವುದು ಸಾಧ್ಯವಿಲ್ಲ.

ಈ ಸಂದರ್ಭದಲ್ಲಿ ಹೊರದೇಶದ ಒಂದು ನಿದರ್ಶನವನ್ನು ನೋಡುವುದು ಪ್ರಯೋಜನಕರ. ಆಂಗ್ಲಸಾಹಿತ್ಯದಲ್ಲಿ ಕೊಚ್ಚೆಯ ಹಾಸ್ಯಕ್ಕೆ ಹಳೆಯ ವಂಶಾವಳಿಯಿದೆ. ಬೆನ್ ಜಾನ್ಸನ್ನನು ಲಂಡನ್ನಿನ ಫ್ಲೀಟ್ ಕಾಲುವೆಯಲ್ಲಿ ದೋಣಿ ನಡೆಸಿದವರ ಸಾಹಸವನ್ನು ಪುರಾಣವೀರರ ಪಾತಾಳಯಾತ್ರೆಯ ಧಾಟಿಯಲ್ಲಿ ಅಣಕವಾಡಿದನು. ಸ್ವಿಫ್ಟನು ೧೭೧೦ರಲ್ಲಿ ನಗರದ ಮಳೆಯೊಂದನ್ನು ವರ್ಣಿಸಿ, ಗಟಾರಗಳಲ್ಲಿ ತೇಲಿಹೋಗುವ ಕಸವನ್ನೆಲ್ಲ ಪಟ್ಟಿಮಾಡಿದನು. ಕೋಲ್ರಿಜನು ಕಲೋನ್ ನಗರವನ್ನು ತೊಳೆಯುವ ರೈನ್ ನದಿಯನ್ನು ತೊಳೆಯುವವರು ಯಾರೆಂದು ಕೇಳಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಥೇಮ್ಸ್ ನದಿಯು ಕೊಳೆತಾಗ ‘ಪಂಚ್’ ಎಂಬ ಹಾಸ್ಯಪತ್ರಿಕೆಯು ೧೮೫೫ರಲ್ಲಿ ವಿಜ್ಞಾನಿಯಾದ ಫ್ಯಾರಡೆಯು ಮೂಗು ಮುಚ್ಚಿಕೊಂಡು ಥೇಮ್ಸ್ ಮುದುಕನಿಗೆ ತನ್ನ ಚೀಟಿಯನ್ನು ಕೊಡುವ ಚಿತ್ರವನ್ನು ಪ್ರಕಟಿಸಿತು. ೧೮೫೮ರ ಬೇಸಗೆಯಲ್ಲಿ ದುರ್ಗಂಧವು ನದಿಯ ದಡದಲ್ಲಿದ್ದ ಪಾರ್ಲಿಮೆಂಟಿನೊಳಕ್ಕೇ ನುಗ್ಗಲು, ಸದಸ್ಯರು ಬೇಗನೆ ಕಾನೂನನ್ನು ಮಾಡಿದರು. ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನು ದೊಡ್ಡ ಒಳಚರಂಡಿಗಳನ್ನು ಕಟ್ಟಿದನು.

ಹಾಸ್ಯವು ಗೆದ್ದ ಕಥೆಯೆಂದು ಇದನ್ನು ಸಾಮಾನ್ಯವಾಗಿ ಹೇಳುವರು. ಆದರೆ ಆ ಚರಂಡಿಗಳು ಕೊಳೆಯನ್ನು ಇಲ್ಲವಾಗಿಸಲಿಲ್ಲ. ನಗರದ ಮೂಡಲಿಗೆ, ನದಿಯ ಕೆಳಭಾಗಕ್ಕೆ ಸಾಗಿಸಿ ಬಿಟ್ಟುವು. ೧೮೭೮ರಲ್ಲಿ ಆ ಕೊಳೆ ಹೊರಬೀಳುವ ಜಾಗದ ಸಮೀಪದಲ್ಲಿಯೇ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರನೌಕೆ ಮುಳುಗಿ ೬೦೦ಕ್ಕೂ ಹೆಚ್ಚು ಜನರು ಸತ್ತರು. ಅಲ್ಲಿಂದ ಮುಂದೆ, ೧೮೮೭ರಿಂದ ೧೯೯೮ರವರೆಗೂ, ಗಸಿಯನ್ನು ಹಡಗುಗಳಲ್ಲಿ ತುಂಬಿ ಸಮುದ್ರಕ್ಕೆ ಸುರಿಯುತ್ತಿದ್ದರು. ಪಾರ್ಲಿಮೆಂಟಿನ ಕಿಟಕಿಗೆ ವಾಸನೆ ಬಡಿದಾಗ ದೇಶವೆಲ್ಲ ನಕ್ಕಿತು. ಮೂಡಲ ದಿಕ್ಕಿನ ಬಡವರಿಗೆ ಬಡಿದಾಗ ಅಂತಹ ನಗೆ ಏಳಲಿಲ್ಲ. ಇದರಿಂದ ನಮಗೆ ತಿಳಿಯತಕ್ಕ ವಿಷಯವೇನೆಂದರೆ, ಕೊಳೆಯು ಎಲ್ಲಿಗೆ ಹೋಗುವುದೋ ಅಲ್ಲಿಯವರ ಬಾಯಿಂದ ಹುಟ್ಟಿದ ಹಾಸ್ಯವನ್ನು ಸಾಹಿತ್ಯವು ಉಳಿಸಿಕೊಳ್ಳುವುದು ವಿರಳ. ಬೆಳ್ಳಂದೂರಿನ ಹಿಮದ ಮಾತು ಪತ್ರಿಕೆಗಳಲ್ಲಿ ಉಳಿದಿದೆ. ಕೋಲಾರದ ನುರುಗು–ಮುರುಗಿನ ಮಾತು ಉಳಿಯುವ ಭರವಸೆಯಿಲ್ಲ.

ಕೊಳೆಯು ಹೋಗುವ ಸ್ಥಳವನ್ನು ಹೇಳಿದ ಮೇಲೆ ಕೊಳೆಯನ್ನು ಹೊತ್ತವರನ್ನು ಬಿಡುವುದಕ್ಕಾಗದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಒಣಕಕ್ಕಸುಗಳಿದ್ದುವು. ಅವನ್ನು ಕೈಯಿಂದ ಬಳಿದು ತಲೆಯ ಮೇಲೆ ಹೊರುವ ಕೆಲಸ ಒಂದು ಜಾತಿಯ ಜನರ ಪಾಲಿಗೆ ಬಂದಿದ್ದಿತು. ಅಂತಹ ಕುಟುಂಬದಲ್ಲಿ ೧೯೬೬ರಲ್ಲಿ ಅಲ್ಲಿಯೇ ಹುಟ್ಟಿದ ಬೆಜವಾಡ ವಿಲ್ಸನ್ನರು ಈ ಪದ್ಧತಿಯ ವಿರುದ್ಧ ದೇಶವ್ಯಾಪಿಯಾದ ಚಳವಳಿಯನ್ನು ಕಟ್ಟಿದರು. ೨೦೧೬ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿಯು ಬಂದಿತು. ಇದನ್ನು ನಿಷೇಧಿಸಿ ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಕಾನೂನುಗಳಾಗಿವೆ. ಹಾಗಿರುವಲ್ಲಿ ಕಕ್ಕಸಿನ ನೀರೆಂಬ ಹಾಸ್ಯವನ್ನು ಆಡುವವನು, ಆ ಹೇಸಿಗೆಯು ನೀರಿನ ಮೇಲೆ ಇದೆಯೇ, ನೀರು ಮುಟ್ಟಿದ ಮನುಷ್ಯನ ಮೇಲೆ ಇದೆಯೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕಾಗುತ್ತದೆ. ಕೊಳೆಯನ್ನು ಉಂಟುಮಾಡಿದವನನ್ನು ಬಿಟ್ಟು ಮುಟ್ಟಿದವನನ್ನು ನಗುವುದು ನಮ್ಮ ಸಮಾಜದ ಹಳೆಯ ಚಟ. ಮಡಿಯ ಜನರು ಈ ನೀರಿನ ಬಗ್ಗೆ ಆಡುವ ಕೆಲವು ಮಾತುಗಳಲ್ಲಿ ಆ ಚಟವೇ ಹೊಸ ಬಟ್ಟೆಯನ್ನುಟ್ಟು ಬಂದಿದೆ. ಅದನ್ನು ಹಾಸ್ಯವೆಂದು ಕರೆಯುವುದಕ್ಕೆ ನಾವು ಸಿದ್ಧರಿಲ್ಲ.

ಒಂದು ಪೂರ್ವಪಕ್ಷವು ಉಳಿದಿದೆ. ಈ ನೀರು ಬಂದ ಮೇಲೆ ಒಣಗಿದ ಕೆರೆಗಳು ತುಂಬಿದುವು. ಸುತ್ತಣ ಬಾವಿಗಳಲ್ಲಿ ನೀರಿನ ಮಟ್ಟ ಏರಿತೆಂದು ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನಗಳೂ ಹೇಳಿವೆ. ಹೀಗಿರಲು ನಗುವುದು ಕೃತಘ್ನತೆಯಲ್ಲವೇ ಎಂದು ಕೆಲವರು ಕೇಳುವರು. ಬಚ್ಚಲ ನೀರನ್ನು ಹಿತ್ತಿಲ ಬಾಳೆಗೂ ಕೆಸುವಿಗೂ ಬಿಡುವುದು ನಮ್ಮ ಮನೆಗಳ ಪದ್ಧತಿಯಲ್ಲವೇ ಎಂದೂ ಅನ್ನುವರು. ಈ ಮಾತಿನಲ್ಲಿ ಬಲವಿದೆ. ಬಳಸಿದ ನೀರನ್ನು ಮತ್ತೆ ಬಳಸುವುದು ನಾಚಿಕೆಯ ವಿಷಯವಲ್ಲ. ನೀರಿಲ್ಲದ ನಾಡಿಗೆ ಅದೇ ವಿವೇಕ. ಆದರೆ ಹಿತ್ತಿಲಿನ ಬಾಳೆಗೂ ಈ ಕೆರೆಗೂ ಒಂದು ವ್ಯತ್ಯಾಸವಿದೆ. ಹಿತ್ತಿಲಲ್ಲಿ ಸ್ನಾನಮಾಡಿದವನೂ ಬಾಳೆಯ ಹಣ್ಣನ್ನು ತಿನ್ನುವವನೂ ಒಬ್ಬನೇ; ಬಚ್ಚಲಿಗೆ ವಿಷವನ್ನು ಸುರಿಯದಿರುವಂತೆ ಅವನೇ ನೋಡಿಕೊಳ್ಳುವನು. ಇಲ್ಲಿ ಸ್ನಾನಮಾ‌ಡಿದವನು ಪಡುವಣಲ್ಲಿ, ಬಾವಿಯ ನೀರನ್ನು ಕುಡಿಯುವವನು ಮೂಡಣಲ್ಲಿ. ಹರಿಯುವ ಹೊಳೆಯು ತನ್ನ ವೇಗದಿಂದ ಶುದ್ಧವಾಗುವುದೆಂದು ಸ್ಮೃತಿಕಾರರು ಹೇಳಿದುದು ಹೊಳೆಗೆ. ನಿಂತ ಕೆರೆಗೆ ಆ ಪ್ರಮಾಣವು ಸಲ್ಲದು. ನೀರನ್ನು ಪಡೆದವನು ಮೂರನೆಯ ಹಂತದ ಶುದ್ಧಿಯನ್ನು ಕೇಳುವುದು ಕೃತಘ್ನತೆಯಲ್ಲ. ಹಾಸ್ಯದ ಮೂಲಕ ಕೇಳುವುದು ಅಪರಾಧವೂ ಅಲ್ಲ. ಬೇಡುವವನ ದೈನ್ಯವಿಲ್ಲದೆ, ಕೋಪಗೊಂಡವನ ಗದ್ದಲವಿಲ್ಲದೆ, ಕೊಟ್ಟವನನ್ನು ನಾಚುವಂತೆ ಮಾಡುವ ಶಕ್ತಿ ಹಾಸ್ಯವೊಂದಕ್ಕೇ ಇದೆ.

ಆದರೆ ಆ ಶಕ್ತಿಗೆ ಮಿತಿಯುಂಟೆಂಬುದನ್ನು ವಿಶ್ವನಾಥನ ಸೂತ್ರವೇ ತೋರಿಸುತ್ತದೆ. ಬಾವಿಯ ನೀರನ್ನು ಮಗುವಿಗೆ ಕುಡಿಸಬಹುದೇ ಎಂದು ತಾಯಿಯು ಕೇಳಿದ ಗಳಿಗೆಯಲ್ಲಿ ಭಯವೂ ಕರುಣೆಯೂ ಬಂದು ನಿಲ್ಲುವುವು. ಅಲ್ಲಿ ಹಾಸ್ಯಕ್ಕೆ ಕೆಲಸವಿಲ್ಲ, ನೀರನ್ನು ಪರೀಕ್ಷಿಸಿ ಹೇಳುವವನಿಗೆ ಮಾತ್ರ ಕೆಲಸವುಂಟು. ಉತ್ತಮವಾದ ಹಾಸ್ಯವು ನಮ್ಮನ್ನು ಆ ತಾಯಿಯ ಪ್ರಶ್ನೆಯವರೆಗೆ ಕರೆದೊಯ್ದು ಬಿಟ್ಟು ತಾನು ಸುಮ್ಮನಾಗುತ್ತದೆ. ಅಧಮವಾದುದು ಆ ಪ್ರಶ್ನೆಯನ್ನು ಕೇಳಿಸದಂತೆ ಗಟ್ಟಿಯಾಗಿ ನಗುತ್ತದೆ. ಮೇಲೆ ಹೇಳಿದ ನಾಲ್ಕು ಬಗೆಗಳಲ್ಲಿ ಶಬ್ದದ ಹಾಸ್ಯವನ್ನೂ ಪುರಾಣದ ಹಾಸ್ಯವನ್ನೂ ನಾವು ಮೇಲೆ ಇರಿಸಿದುದು ಈ ಕಾರಣದಿಂದ. ಅವೆರಡೂ ನೀರಿನ ನಿಜವಾದ ಹೆಸರನ್ನೂ ಅದು ಬಂದ ದಾರಿಯನ್ನೂ ಹೇಳುತ್ತವೆ. ಕಣ್ಣಿನ ಹಾಸ್ಯವು ನೊರೆಯಲ್ಲಿಯೇ ನಿಂತುಬಿಡುತ್ತದೆ. ಪ್ರತೀಕಾರದ ಹಾಸ್ಯವು ಆಡುವ ಬಾಯಿಯನ್ನು ಅವಲಂಬಿಸುತ್ತದೆ.

ಕಡೆಯದಾಗಿ ಸಾಹಿತ್ಯೋಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ೧೮೮೭ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು ಆ ಊರಿನ ಹಿಂದಿನ ತಲೆಮಾರಿನ ಜನರನ್ನು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಚಿತ್ರಿಸಿಟ್ಟುದರಿಂದ ಅವರ ನಡೆನುಡಿಗಳು ನಮಗೆ ಉಳಿದುವು. ಈ ತಲೆಮಾರಿನ ಮಾತುಗಳಿಗೆ ಅಂತಹ ಲೇಖಕರು ದೊರೆಯುವರೋ ಇಲ್ಲವೋ, ಸಂಗ್ರಹಕಾರರಾದರೂ ಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಾಠಶಾಲೆಗಳಲ್ಲಿ ಕೆಲಸಮಾಡುವ ಪಂಡಿತರು ತಮ್ಮ ವಿದ್ಯಾರ್ಥಿಗಳಿಂದ ಈ ಕೆರೆನೀರಿನ ನಗೆಮಾತುಗಳನ್ನೂ ಅಡ್ಡಹೆಸರುಗಳನ್ನೂ ಕಟ್ಟುಕಥೆಗಳನ್ನೂ ಕನ್ನಡದಲ್ಲಿ ಆಡಿದುದನ್ನು ಕನ್ನಡದಲ್ಲಿಯೇ, ತೆಲುಗಿನಲ್ಲಿ ಆಡಿದುದನ್ನು ತೆಲುಗಿನಲ್ಲಿಯೇ ಬರೆಯಿಸಬೇಕು. ಆಡಿದವರು ಆ ನೀರನ್ನು ಬಳಸುವವರೇ ಅಲ್ಲವೇ ಎಂಬುದನ್ನೂ, ಕೆರೆಯ ಹೆಸರನ್ನೂ, ಕಾಲವನ್ನೂ ಪ್ರತಿಯೊಂದು ಮಾತಿನ ಮುಂದೆ ಗುರುತಿಸಬೇಕು. ಹೆಸರು, ಜಾತಿಗಳನ್ನು ಹಿಡಿದು ನಿಂದಿಸುವ ಮಾತುಗಳು ಬಂದರೆ ಅವನ್ನೂ ಬಿಡದೆ ಬೇರೊಂದು ಪುಸ್ತಕದಲ್ಲಿ ಬರೆದಿಡಬೇಕು. ಅವು ಪಾಠಕ್ಕಲ್ಲ, ಸಾಕ್ಷ್ಯಕ್ಕೆ ಬೇಕಾಗುವುವು. ಕೆರೆಯಲ್ಲಿ ನೀರು ಶುದ್ಧವಾಗಿ ಬರುವ ಕಾಲ ಬಂದಾಗ ಈ ಹಾಸ್ಯಗಳ ಅರ್ಥ ತಿಳಿಯದೆ ಹೋಗಿ ಟಿಪ್ಪಣಿಯ ಅಗತ್ಯವುಂಟಾದರೆ, ಅದಕ್ಕಿಂತ ಸಂತೋಷದ ಸಂಗತಿ ವ್ಯಾಖ್ಯಾನಕಾರನಿಗೆ ಬೇರೆ ಇರಲಾರದು.